ಕಾನೂನಿನ ಎಂಟು ವರ್ಷ, ಬದುಕಿನ ನಾಲ್ವತ್ತು ವರ್ಷ: ಕೃಷ್ಣಾ–ಘಟಪ್ರಭಾ ದಂಡೆಯ ವ್ಯವಹಾರ ದಾಖಲೆಗಳ ದೀರ್ಘಕಾಲೀನ ಸಂರಕ್ಷಣೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಆರ್ಥಿಕ ಜೀವನ ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆ, ಬೆಲ್ಲದ ಪೇಟೆ, ಮಗ್ಗ ಮತ್ತು ಪತ್ತಿನ ಸಹಕಾರಿ ಸಂಘಗಳನ್ನು ಆಧರಿಸಿದೆ. ಈ ಪ್ರತಿಯೊಂದು ಉದ್ಯಮವೂ ದಿನಂಪ್ರತಿ ದಾಖಲೆಗಳನ್ನು ಸೃಷ್ಟಿಸುತ್ತದೆ: ಕಬ್ಬಿನ ತೂಕದ ಚೀಟಿ, ಅಡತಿ ಅಂಗಡಿಯ ಪಟ್ಟಿ, ನೇಕಾರನ ಕೂಲಿ ಪುಸ್ತಕ, ಠೇವಣಿದಾರನ ಖಾತೆ. ಕಳೆದ ಮೂರು ದಶಕಗಳಲ್ಲಿ ಕೀರ್ದಿ-ಖತಾವಣಿಗಳ ಜಾಗಕ್ಕೆ ಗಣಕಯಂತ್ರ ಬಂದಿರುವುದರಿಂದ, ಈ ದಾಖಲೆಗಳನ್ನು ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ, ಯಾರ ಹೊಣೆಗಾರಿಕೆಯಲ್ಲಿ ಉಳಿಸಬೇಕೆಂಬ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗಿದೆ. ಯಾವ ಯಂತ್ರ ಕೊಳ್ಳಬೇಕು ಎಂಬ ವಿಚಾರಣೆಗೆ ಈ ಪ್ರಶ್ನೆಯನ್ನು ಇಳಿಸಿಬಿಡುವುದೇ ರೂಢಿಯಾಗಿದೆ. ಆದರೆ ಸಂಸ್ಥೆಯೊಂದರ ಕಪಾಟಿನಲ್ಲಿರುವ ದಾಖಲೆ ಆ ಸಂಸ್ಥೆಗಿಂತ ಹೆಚ್ಚಾಗಿ ರೈತ, ಕಾರ್ಮಿಕ ಮತ್ತು ನೇಕಾರರ ಪುರಾವೆಯಾಗಿರುವ ಈ ಪ್ರದೇಶದಲ್ಲಿ, ಅದು ಮೊದಲಿಗೆ ಯಾರಿಗೆ ಯಾವಾಗ ಬೇಕಾಗುತ್ತದೆ ಎಂಬ ಪ್ರಶ್ನೆಯಾಗಿದೆ.

ಆರಂಭದಲ್ಲಿಯೇ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಬ್ಯಾಕಪ್ ಎಂದರೆ ಇಂದು ಬಳಕೆಯಲ್ಲಿರುವ ದತ್ತಾಂಶದ ನಕಲು. ಯಂತ್ರ ಕೆಟ್ಟರೆ ಅಥವಾ ಕಡತ ಅಳಿಸಿಹೋದರೆ ನಿನ್ನೆಯ ಸ್ಥಿತಿಗೆ ಮರಳುವುದು ಅದರ ಉದ್ದೇಶ, ಮತ್ತು ಹೊಸ ನಕಲು ಬಂದಂತೆ ಹಳೆಯದು ಅಳಿಯುತ್ತದೆ. ಅಭಿಲೇಖನ, ಅಂದರೆ ಆರ್ಕೈವ್, ವ್ಯವಹಾರ ಮುಗಿದು ಇನ್ನು ಬದಲಾಗಬಾರದ ದಾಖಲೆಯನ್ನು ಅದರ ಸಂದರ್ಭದ ವಿವರಗಳೊಡನೆ ಪ್ರತ್ಯೇಕಿಸಿ, ಹತ್ತಾರು ವರ್ಷಗಳ ನಂತರವೂ ಬೇರೊಬ್ಬರು ಓದಿ ಅರ್ಥಮಾಡಿಕೊಳ್ಳುವಂತೆ ಕಾಯ್ದಿಡುವ ಕ್ರಮ. ಪ್ರತಿ ಸಂಜೆ ಪೆನ್ ಡ್ರೈವ್‌ಗೆ ನಕಲು ಮಾಡಿ ಅದನ್ನು ಮರುದಿನ ಮತ್ತೆ ಬರೆಯುವ ಸಂಘಕ್ಕೆ ಬ್ಯಾಕಪ್ ಇದೆ, ಅಭಿಲೇಖ ಇಲ್ಲ. ಐದು ವರ್ಷದ ಹಿಂದಿನ ಬಾಕಿಯ ಬಗ್ಗೆ ತಕರಾರು ಬಂದಾಗ ಈ ವ್ಯತ್ಯಾಸ ತಡವಾಗಿ ತಿಳಿಯುತ್ತದೆ.

ಈ ಭಾಗದ ಇತಿಹಾಸವೇ ದಾಖಲೆಗಳು ಹೇಗೆ ಕಳೆದುಹೋಗುತ್ತವೆ ಎಂಬುದಕ್ಕೆ ಸಾಕ್ಷಿಯಾಗಿದೆ. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ, ಮುಧೋಳ ಘೋರ್ಪಡೆಯವರ ಸಂಸ್ಥಾನಕ್ಕೆ, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರೆ, ಬೀಳಗಿ ನೇರವಾಗಿ ಬ್ರಿಟಿಷ್ ಆಡಳಿತದ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಕೇಂದ್ರವೂ 1885ರಲ್ಲಿ ಕಲಾದಗಿಯಿಂದ ವಿಜಾಪುರಕ್ಕೆ ಸ್ಥಳಾಂತರಗೊಂಡಿತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಪ್ರದೇಶ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆ ರೂಪುಗೊಂಡಿತು. ಪ್ರತಿ ಬದಲಾವಣೆಯಲ್ಲಿಯೂ ದಫ್ತರಗಳು ಊರು, ಕಚೇರಿ, ಭಾಷೆಗಳನ್ನು ಬದಲಿಸಿದವು. ಸಂಸ್ಥಾನಗಳ ಆಡಳಿತ ಮತ್ತು ಲೇವಾದೇವಿಯ ಎಷ್ಟೋ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ; ಕಾಗದ ಗಟ್ಟಿಯಾಗಿದೆ, ಶಾಯಿ ಮಾಸಿಲ್ಲ, ಆದರೆ ಓದಬಲ್ಲವರು ಬೆರಳೆಣಿಕೆಯಷ್ಟು. ದಾಖಲೆ ಉಳಿದೂ ಓದುವ ಸಾಮರ್ಥ್ಯ ಅಳಿದುಹೋಗುವ ಈ ಸ್ಥಿತಿ ಗಣಕ ಯುಗದಲ್ಲಿ ಇನ್ನಷ್ಟು ಬೇಗ ಬರುತ್ತದೆ.

ಮುಧೋಳದ ಘೋರ್ಪಡೆ ಮನೆತನದ ಫರ್ಮಾನುಗಳ ಪ್ರಕರಣ ಇನ್ನೊಂದು ಅಂಶವನ್ನು ಸ್ಪಷ್ಟಪಡಿಸುತ್ತದೆ. ಬಹಮನಿ ಮತ್ತು ಆದಿಲಶಾಹಿ ಸುಲ್ತಾನರು ನೀಡಿದವೆನ್ನಲಾದ ಈ ಪರ್ಷಿಯನ್ ಸನದುಗಳು 1934ರಲ್ಲಿ ದ. ವಿ. ಆಪಟೆಯವರ ಮರಾಠಿ ಗ್ರಂಥದ ಮೂಲಕ ಪ್ರಕಟವಾದವು. ಅವುಗಳ ನೈಜತೆಯ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಕಾಗದ ಇದೆಯೆಂಬುದಷ್ಟೇ ಸಾಲದು, ಅದು ಯಾರ ಕೈಯಿಂದ ಯಾರ ಕೈಗೆ ಬಂತು, ನಡುವೆ ತಿದ್ದಲ್ಪಟ್ಟಿತೇ ಎಂಬುದನ್ನು ತೋರಿಸುವ ಆಧಾರವೂ ಅದರ ಜೊತೆಗಿರಬೇಕೆಂಬ ಅಭಿಲೇಖ ಶಾಸ್ತ್ರದ ಮೂಲ ನಿಯಮ ಸಕ್ಕರೆ ಕಾರ್ಖಾನೆಯ ತೂಕದ ದತ್ತಾಂಶಕ್ಕೂ ಅಷ್ಟೇ ಅನ್ವಯಿಸುತ್ತದೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ನೋಡಿದರೆ ಅವಧಿಗಳು ಹಲವು, ದೃಷ್ಟಿ ಒಂದೇ. 2013ರ ಕಂಪನಿ ಕಾಯ್ದೆಯ 128ನೆಯ ಕಲಮು ಲೆಕ್ಕಪುಸ್ತಕಗಳನ್ನು ಹಿಂದಿನ ಎಂಟು ಹಣಕಾಸು ವರ್ಷಗಳವರೆಗೆ ಉಳಿಸಬೇಕೆನ್ನುತ್ತದೆ; ಅದರಡಿಯ ನಿಯಮಗಳು ವಿದ್ಯುನ್ಮಾನ ಲೆಕ್ಕಗಳ ನಕಲನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕೆಂದೂ, 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕೆಂದೂ ವಿಧಿಸಿವೆ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ವಾರ್ಷಿಕ ವಿವರಪತ್ರದ ಕೊನೆಯ ದಿನದಿಂದ 72 ತಿಂಗಳು, ಮೇಲ್ಮನವಿ ಇದ್ದರೆ ಅದು ಇತ್ಯರ್ಥವಾದ ಮೇಲೆ ಒಂದು ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ದಾಖಲೆ ಇರಬೇಕು. ಸಹಕಾರಿ ಬ್ಯಾಂಕುಗಳಿಗೆ 1985ರ ನಿಯಮಗಳು ದಾಖಲೆಯ ಬಗೆಯನ್ನು ಅನುಸರಿಸಿ ಐದು ಅಥವಾ ಎಂಟು ವರ್ಷಗಳನ್ನು ಗೊತ್ತುಪಡಿಸಿವೆ. ಈ ಎಲ್ಲ ಅವಧಿಗಳೂ ತೆರಿಗೆ ಅಧಿಕಾರಿ, ಲೆಕ್ಕಪರಿಶೋಧಕ ಅಥವಾ ನಿಯಂತ್ರಕನ ಅಗತ್ಯದಿಂದ ಹುಟ್ಟಿದವು. ಸಂಸ್ಥೆಯೊಡನೆ ವ್ಯವಹರಿಸಿದ ವ್ಯಕ್ತಿಗೆ ಆ ದಾಖಲೆ ಯಾವಾಗ ಬೇಕಾಗುತ್ತದೆ ಎಂಬುದು ಇಲ್ಲಿ ಅಳತೆಗೋಲಾಗಿಲ್ಲ.

ಅಂತರ ಎಷ್ಟೆಂಬುದು ಪಿಂಚಣಿಯ ಉದಾಹರಣೆಯಿಂದ ತಿಳಿಯುತ್ತದೆ. 1995ರ ನವೆಂಬರ್ 16ರಂದು ಜಾರಿಗೆ ಬಂದ ಉದ್ಯೋಗಿಗಳ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಹತ್ತು ವರ್ಷದ ಸೇವೆ ಇದ್ದವರಿಗೆ 58ನೆಯ ವಯಸ್ಸಿನಲ್ಲಿ ಪಿಂಚಣಿ ದೊರೆಯುತ್ತದೆ. ಇಪ್ಪತ್ತೆರಡನೆಯ ವಯಸ್ಸಿಗೆ ಕಾರ್ಖಾನೆ ಸೇರಿದವನ ಮೊದಲ ವರ್ಷದ ಹಾಜರಿ ಮತ್ತು ಸಂಬಳದ ಪಟ್ಟಿ ಮೂವತ್ತಾರು ವರ್ಷಗಳ ನಂತರ ಪ್ರಶ್ನೆಗೆ ಬರಬಹುದು. 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೆಚ್ಚಿನ ಪಿಂಚಣಿಗೆ ಅರ್ಜಿ ಹಾಕಿದವರ ವಿಷಯದಲ್ಲಿ ಮಾಲೀಕರು ವರ್ಷಾನುಗಟ್ಟಲೆ ಹಿಂದಿನ ವೇತನದ ವಿವರಗಳನ್ನು ಸಲ್ಲಿಸಬೇಕಾಗಿ ಬಂದಾಗ, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಹಂಗಾಮಿಗೆ ಬಂದು ಹಂಗಾಮಿಗೆ ಹೋಗುವ ಸಕ್ಕರೆ ಕಾರ್ಖಾನೆಯ ಕಾರ್ಮಿಕನಿಗೆ ತುಂಡು ತುಂಡಾದ ಸೇವೆಯನ್ನು ಜೋಡಿಸಿ ತೋರಿಸಲು ಮಾಲೀಕನ ದಫ್ತರದ ಹೊರತು ಬೇರೆ ಆಧಾರ ವಿರಳ. ಎಂಟು ವರ್ಷ ಕಳೆಯಿತೆಂದು ಆ ಪಟ್ಟಿಯನ್ನು ರದ್ದಿಗೆ ಹಾಕಿದ ಕಂಪನಿ ಕಂಪನಿ ಕಾಯ್ದೆಯನ್ನು ಮುರಿದಿಲ್ಲ. ಆದರೆ ಒಬ್ಬನ ಮುಪ್ಪಿನ ಆಧಾರವನ್ನು ಕಳೆದಿದೆ.

ಬೀಳಗಿ ಮತ್ತು ಜಮಖಂಡಿ ತಾಲ್ಲೂಕುಗಳಲ್ಲಿ ಇದೇ ಮಾತು ಮುಳುಗಡೆಗೆ ಅನ್ವಯಿಸುತ್ತದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು ಈಗಿನ 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿದ ಮೇಲೆ ಹಿನ್ನೀರಿನ ಊರುಗಳ ಭವಿಷ್ಯ ಭೂಸ್ವಾಧೀನಕ್ಕೆ ಗಂಟುಬಿದ್ದಿದೆ. 2013ರ ಭೂಸ್ವಾಧೀನ ಕಾಯ್ದೆ ಭೂಮಾಲೀಕರನ್ನಷ್ಟೇ ಅಲ್ಲದೆ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಊರಿನಲ್ಲಿ ದುಡಿದು ಜೀವನೋಪಾಯ ಕಳೆದುಕೊಳ್ಳುವ ಕೂಲಿಕಾರ, ಗೇಣಿದಾರ, ಕುಶಲಕರ್ಮಿಗಳ ಕುಟುಂಬಗಳನ್ನೂ ಬಾಧಿತರೆಂದು ಗುರುತಿಸುತ್ತದೆ. ಜಮೀನಿದ್ದವನಿಗೆ ಉತಾರವಿದೆ, ಅದೂ ಭೂಮಿ ಯೋಜನೆಯ ಮೂಲಕ ಸರ್ಕಾರದ ಗಣಕದಲ್ಲಿ ಭದ್ರವಾಗಿದೆ. ದುಡಿಮೆಯೊಂದೇ ಆಸ್ತಿಯಾದವನಿಗೆ ತನ್ನನ್ನು ದುಡಿಸಿಕೊಂಡ ಅಂಗಡಿ, ಇಟ್ಟಿಗೆ ಭಟ್ಟಿ ಅಥವಾ ಸಂಘದ ಪುಸ್ತಕವೇ ಸಾಕ್ಷಿ.

ಕಬ್ಬಿನ ವ್ಯವಹಾರವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯುಕ್ತ, ಏಕೆಂದರೆ ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಉತ್ತೂರು, ತಿಮ್ಮಾಪುರ ಮೊದಲಾದೆಡೆಯ ಕಾರ್ಖಾನೆಗಳ ಸುತ್ತಲೇ ಈ ತಾಲ್ಲೂಕುಗಳ ಹಣದ ಚಲಾವಣೆ ನಡೆಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸಲ್ಲಬೇಕು. ಕೇಂದ್ರ ನಿಗದಿಪಡಿಸುವ ನ್ಯಾಯಸಮ್ಮತ ದರ ಸಕ್ಕರೆ ಇಳುವರಿಯ ಪ್ರಮಾಣಕ್ಕೆ ತಳುಕು ಹಾಕಿಕೊಂಡಿದೆ. ಹೀಗಾಗಿ ತೂಕದ ಚೀಟಿಯ ಮೇಲಿನ ದಿನಾಂಕ ಬಡ್ಡಿಯ ಆರಂಭಬಿಂದು, ಪ್ರಯೋಗಾಲಯದ ಇಳುವರಿಯ ದಾಖಲೆ ದರದ ಆಧಾರ. ಬಾಕಿಯ ವಿವಾದ ನ್ಯಾಯಾಲಯಕ್ಕೆ ಹೋದರೆ ಹತ್ತು ವರ್ಷ ಎಳೆಯುವುದು ಅಸಹಜವಲ್ಲ. ಆದರೆ ಉಷ್ಣಮುದ್ರಣದ ಕಾಗದದ ಮೇಲೆ, ಅಂದರೆ ಶಾಯಿಯಿಲ್ಲದೆ ಬಿಸಿಯಿಂದ ಅಕ್ಷರ ಮೂಡಿಸುವ ಕಾಗದದ ಮೇಲೆ, ಕೊಟ್ಟ ಚೀಟಿ ರೈತನ ಜೇಬಿನಲ್ಲಿ ಅಥವಾ ಟ್ರ್ಯಾಕ್ಟರ್ ಪೆಟ್ಟಿಗೆಯಲ್ಲಿ ಕೆಲವೇ ತಿಂಗಳಲ್ಲಿ ಬಿಳಿಯಾಗುತ್ತದೆ. ಆಗ ಉಳಿಯುವುದು ಕಾರ್ಖಾನೆಯ ಗಣಕದಲ್ಲಿರುವ ನಮೂದು ಮಾತ್ರ. ಒಂದು ಪಕ್ಷದ ವಶದಲ್ಲಿರುವ ದಾಖಲೆಯೇ ಇಬ್ಬರ ನಡುವಿನ ತೀರ್ಮಾನಕ್ಕೆ ಆಧಾರವಾಗುತ್ತದೆ. ಅದನ್ನು ಉಳಿಸುವ ಹೊಣೆ ಎಷ್ಟು ದೊಡ್ಡದೋ, ಖರ್ಚು ಅಷ್ಟೇ ಸಣ್ಣದು. ಒಂದು ಚೀಟಿಯ ಪಠ್ಯ ಒಂದು ಕಿಲೋಬೈಟ್ ಎಂದು ಹಿಡಿದರೂ ಐದು ಲಕ್ಷ ಚೀಟಿಗಳು ಸುಮಾರು ಐನೂರು ಮೆಗಾಬೈಟ್ ಆಗುತ್ತವೆ, ಅಂದರೆ ಇಂದಿನ ಅತಿ ಸಣ್ಣ ಪೆನ್ ಡ್ರೈವ್‌ನ ಒಂದು ಮೂಲೆ. ಜಾಗ ನುಂಗುವುದು ಕಣ್ಗಾವಲು ಕ್ಯಾಮೆರಾದ ಚಿತ್ರಗಳು ಮತ್ತು ಸ್ಕ್ಯಾನ್ ಮಾಡಿದ ಪುಟಗಳು. ಜಾಗವಿಲ್ಲವೆಂಬ ಕಾರಣ ಕೊಟ್ಟು ಹಳೆಯ ಹಂಗಾಮಿನ ಲೆಕ್ಕ ಅಳಿಸುವುದಕ್ಕೆ ಸಮರ್ಥನೆಯೇ ಇಲ್ಲ.

ರಬಕವಿ-ಬನಹಟ್ಟಿಯ ಮಗ್ಗಗಳ ಲೋಕದಲ್ಲಿ ದತ್ತಾಂಶ ಸಂಗ್ರಹ ಗಣಕಕ್ಕಿಂತ ಹಳೆಯದು. ಸೀರೆಯ ಅಂಚು-ಸೆರಗಿನ ವಿನ್ಯಾಸವನ್ನು ರಂಧ್ರಗಳಾಗಿ ಕೊರೆದ ರಟ್ಟಿನ ಹಾಳೆಗಳ ಸರಮಾಲೆಯೇ ಜಕಾರ್ಡ್ ಅಳವಡಿಸಿದ ಮಗ್ಗದ ಸ್ಮೃತಿ. ರಂಧ್ರವಿದ್ದಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಕೆಳಗೆ ನಿಲ್ಲುತ್ತದೆ. ಆ ರಟ್ಟುಗಳನ್ನು ಗೆದ್ದಲು ತಿನ್ನಬಹುದು, ಆದರೆ ಉಳಿದರೆ ಯಾವ ತಂತ್ರಾಂಶವೂ ಇಲ್ಲದೆ ಕಣ್ಣಿನಿಂದಲೇ ಓದಬಹುದು. ವಿದ್ಯುನ್ಮಾನ ಜಕಾರ್ಡ್ ಬಂದಮೇಲೆ ವಿನ್ಯಾಸ ಯಂತ್ರ ತಯಾರಕನ ಸ್ವಂತ ರೂಪದ ಕಡತದಲ್ಲಿ ಕುಳಿತಿದೆ, ಆ ತಂತ್ರಾಂಶ ನಿಂತರೆ ವಿನ್ಯಾಸವೂ ನಿಲ್ಲುತ್ತದೆ. ಪ್ರತಿ ವಿನ್ಯಾಸವನ್ನು ಎಲ್ಲೆಡೆ ತೆರೆಯಬಲ್ಲ ಸಾಮಾನ್ಯ ಚಿತ್ರರೂಪದಲ್ಲಿಯೂ, ಎಳೆಗಳ ಲೆಕ್ಕ ಮತ್ತು ನೂಲಿನ ನಂಬರಿನ ಟಿಪ್ಪಣಿಯೊಡನೆ ನೇಯ್ದ ಒಂದು ತುಂಡು ಬಟ್ಟೆಯನ್ನೂ ಕೂಡಿಸಿಟ್ಟರೆ, ಮುಂದಿನ ಪೀಳಿಗೆಯ ನೇಕಾರ ಅದನ್ನು ಮತ್ತೆ ಮಗ್ಗಕ್ಕೇರಿಸಬಲ್ಲ. ನೇಕಾರಿಕೆಯ ವ್ಯವಹಾರದಲ್ಲಿ ಇದು ಕೂಲಿಯ ಲೆಕ್ಕದಷ್ಟೇ ಬೆಲೆಯುಳ್ಳ ದಾಖಲೆ. ಆದರೂ ಯಾವ ಕಾನೂನಿನ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವಿಲ್ಲ.

ಮಾಧ್ಯಮಗಳ ವಿಷಯಕ್ಕೆ ಬಂದರೆ, ಶಾಶ್ವತವಾದುದು ಯಾವುದೂ ಇಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ತಿರುಗುವ ಬಿಲ್ಲೆಗಳ ಹಾರ್ಡ್ ಡಿಸ್ಕನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಿಸುವುದು ವಿವೇಕ. ಎಸ್‌ಎಸ್‌ಡಿ ಮತ್ತು ಪೆನ್ ಡ್ರೈವ್‌ಗಳು ಸಿಲಿಕಾನ್ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿ ಮಾಹಿತಿಯನ್ನು ಇಡುತ್ತವೆ. ವಿದ್ಯುತ್ ಸಂಪರ್ಕವಿಲ್ಲದೆ ಬಿಟ್ಟರೆ ಆ ಆವೇಶ ನಿಧಾನವಾಗಿ ಸೋರುತ್ತದೆ, ಬಿಸಿ ಹೆಚ್ಚಿದಷ್ಟೂ ವೇಗವಾಗಿ. ಬಳಕೆಯ ಮಿತಿ ತಲುಪಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕೆಂಬುದೇ ಆ ಉದ್ಯಮದ ಮಾನದಂಡ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿಯ ಸುತ್ತ ಸುಳಿಯುವ ಬಾಗಲಕೋಟೆ ಜಿಲ್ಲೆಯಲ್ಲಿ ತಗಡಿನ ಮಾಡಿನ ಕೋಣೆಯ ಕಪಾಟಿನೊಳಗೆ ಅಂಥ ಡ್ರೈವ್ ಇಟ್ಟು ಐದು ವರ್ಷ ಮರೆಯುವುದು ದಾಖಲೆ ಕಳೆದುಕೊಳ್ಳುವ ದಾರಿ.

ದೊಡ್ಡ ಸಂಸ್ಥೆಗಳು ಈಗಲೂ ಕಾಂತಪಟ್ಟಿಯನ್ನು, ಅಂದರೆ ಟೇಪನ್ನು ನಂಬುತ್ತವೆ. 2000ದಲ್ಲಿ ಮಾರುಕಟ್ಟೆಗೆ ಬಂದ ಎಲ್‌ಟಿಒ ಮಾದರಿಯ ಒಂಬತ್ತನೆಯ ಪೀಳಿಗೆಯ ಒಂದು ಕ್ಯಾಸೆಟ್ 18 ಟೆರಾಬೈಟ್ ಹಿಡಿಯುತ್ತದೆ; ತಂಪಾದ ಒಣ ಕೋಣೆಯಲ್ಲಿ ಮೂವತ್ತು ವರ್ಷದವರೆಗೆ ಬಾಳಬಲ್ಲದೆಂದು ತಯಾರಕರ ಅಂದಾಜು. ಆದರೆ ಕ್ಯಾಸೆಟ್ ಬಾಳಿದಷ್ಟು ಕಾಲ ಅದನ್ನು ಓದುವ ಯಂತ್ರ ಬಾಳುವುದಿಲ್ಲ: ಒಂಬತ್ತನೆಯ ಪೀಳಿಗೆಯ ಯಂತ್ರ ತನ್ನ ಹಿಂದಿನ ಒಂದು ಪೀಳಿಗೆಯನ್ನು ಮಾತ್ರ ಓದುತ್ತದೆ, 2025ರಲ್ಲಿ ಬಂದ ಹತ್ತನೆಯದು ಹಿಂದಿನ ಯಾವುದನ್ನೂ ಓದುವುದಿಲ್ಲ. ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕಾದುದರಿಂದ ಒಂದು ಪತ್ತಿನ ಸಂಘಕ್ಕೆ ಇದು ಎಟುಕದು. ಕ್ಲೌಡ್ ಅಭಿಲೇಖ ಸೇವೆಗಳು, ಅಂದರೆ ದೂರದ ದತ್ತಾಂಶ ಕೇಂದ್ರದಲ್ಲಿ ತಿಂಗಳ ಬಾಡಿಗೆಗೆ ಕಡತ ಇಡುವ ವ್ಯವಸ್ಥೆ, ಇಡುವುದಕ್ಕೆ ಅಗ್ಗ, ಹಿಂಪಡೆಯುವುದಕ್ಕೆ ಹಲವು ತಾಸುಗಳ ಕಾಯುವಿಕೆ ಮತ್ತು ಪ್ರತ್ಯೇಕ ಶುಲ್ಕ ಇರುವಂಥವು. ಅಲ್ಲಿಯೂ ಬಾಡಿಗೆ ಕಟ್ಟುವ ಕಾರ್ಡಿನ ಅವಧಿ ಮುಗಿದರೆ ಅಥವಾ ಪಾಸ್‌ವರ್ಡ್ ಬಲ್ಲ ಒಬ್ಬನೇ ನೌಕರ ಕೆಲಸ ಬಿಟ್ಟರೆ, ಇಪ್ಪತ್ತು ವರ್ಷದ ಲೆಕ್ಕ ಒಂದೇ ತಿಂಗಳಲ್ಲಿ ಕೈತಪ್ಪಬಹುದು.

ಮಾಧ್ಯಮಕ್ಕಿಂತಲೂ ಮೊದಲು ಸಾಯುವುದು ಕಡತದ ರೂಪ, ಅಂದರೆ ಫಾರ್ಮ್ಯಾಟ್. ಎಷ್ಟೋ ಸಹಕಾರಿ ಸಂಘಗಳ ಮೊದಲ ತಲೆಮಾರಿನ ತಂತ್ರಾಂಶಗಳು ಫಾಕ್ಸ್‌ಪ್ರೊದಲ್ಲಿ ಬರೆದವು, ಅದರ ಕೊನೆಯ ಆವೃತ್ತಿಗೂ 2015ರ ಜನವರಿಯಲ್ಲಿ ತಯಾರಕರ ಬೆಂಬಲ ನಿಂತಿದೆ. ಅಡತಿ ಅಂಗಡಿಗಳಲ್ಲಿ ಬಳಕೆಯಾದ ಟ್ಯಾಲಿಯ ಹಳೆಯ ಆವೃತ್ತಿಗಳ ದತ್ತಾಂಶವನ್ನು ಹೊಸದಕ್ಕೆ ಪರಿವರ್ತಿಸದೆ ತೆರೆಯಲಾಗದು. ಕನ್ನಡದ ಸಮಸ್ಯೆ ಇನ್ನೂ ಆಳವಾದುದು. ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಸದಸ್ಯರ ಯಾದಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸ್ಥಾನಪಲ್ಲಟಗೊಂಡು ಹೆಸರುಗಳೇ ಬದಲಾಗುವುದುಂಟು. ಅಡ್ಡಹೆಸರು ಒಂದಕ್ಷರ ತಪ್ಪಿದರೆ ವಾರಸಾ ಪ್ರಕರಣದಲ್ಲಿ ಮಗ ತಂದೆಯ ಷೇರಿಗೆ ಹಕ್ಕುದಾರನೆಂದು ಸಿದ್ಧಪಡಿಸುವುದು ಕಷ್ಟ. ಆದ್ದರಿಂದ ಹಳೆಯ ಕನ್ನಡ ಯಾದಿಗಳನ್ನು ಅವುಗಳನ್ನು ಬರೆದವರು ಬದುಕಿರುವಾಗಲೇ ಯುನಿಕೋಡ್‌ಗೆ ತಂದು, ಮೂಲ ಮುದ್ರಿತ ಪ್ರತಿಯೊಡನೆ ಹೆಸರು ಹೆಸರಾಗಿ ತಾಳೆ ನೋಡಬೇಕಾಗಿದೆ, ಮತ್ತು ಈ ಕೆಲಸ ಮುಂದೂಡುವಂಥದಲ್ಲ. ವರ್ಷಾಂತ್ಯದ ಲೆಕ್ಕಗಳನ್ನು ಪಿಡಿಎಫ್/ಎ ರೂಪದಲ್ಲಿ, ಅಂದರೆ ಅಕ್ಷರಶೈಲಿಯನ್ನೂ ತನ್ನೊಳಗೇ ಸೇರಿಸಿಕೊಳ್ಳುವ, 2005ರಿಂದ ಅಂತಾರಾಷ್ಟ್ರೀಯ ಮಾನಕವಾಗಿರುವ ಕಡತರೂಪದಲ್ಲಿ, ಜೊತೆಗೆ ಸಾದಾ ಪಠ್ಯದ ಕೋಷ್ಟಕಗಳಾಗಿಯೂ ತೆಗೆದಿಡುವುದು ಇಂದಿನ ಮಟ್ಟಿಗೆ ಅತ್ಯಂತ ಸುರಕ್ಷಿತ.

ನಕಲುಗಳ ಸಂಖ್ಯೆಯ ಬಗ್ಗೆ ಎಲ್ಲೆಡೆ ಒಪ್ಪಿತವಾದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರಿನಾಚೆ. ಮುಧೋಳ ಪರಿಸರದ ಕವಿ ರನ್ನನಿಗೆ ಆಶ್ರಯ ನೀಡಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯೂ ಪ್ರತಿಗಳು ಹಲವೆಡೆ ಇದ್ದರೆ ಕೃತಿ ಉಳಿಯುತ್ತದೆಂಬ ಇದೇ ತಿಳಿವಳಿಕೆಗೆ ಸೇರಿದ್ದು. ಆದರೆ ಊರಿನಾಚೆ ಎಂದರೆ ಎಷ್ಟು ದೂರ ಎಂಬುದನ್ನು ಸ್ಥಳೀಯ ಭೂಗೋಳವೇ ನಿರ್ಧರಿಸಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಜಮಖಂಡಿಯ ಕಡೆ, ಘಟಪ್ರಭೆ ಮುಧೋಳದ ಕಡೆ ಒಂದೇ ವಾರದಲ್ಲಿ ಉಕ್ಕಿ ಹರಿದವು. 2021ರಲ್ಲಿಯೂ ನೆರೆ ಬಂತು. ಮುಧೋಳದ ಸಂಸ್ಥೆ ತನ್ನ ಎರಡನೆಯ ಪ್ರತಿಯನ್ನು ಜಮಖಂಡಿ ಶಾಖೆಯ ನೆಲಮಹಡಿಯಲ್ಲಿ ಇಟ್ಟರೆ ಎರಡೂ ಒಂದೇ ಮಳೆಗಾಲದಲ್ಲಿ ನೀರುಪಾಲಾಗಬಹುದು. ಒಂದು ಪ್ರತಿ ಈ ಎರಡೂ ನದಿಗಳ ಪಾತ್ರದಿಂದ ಹೊರಗೆ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರಬೇಕು. ಇನ್ನೊಂದು ಪ್ರತಿ ಯಾವ ಜಾಲಕ್ಕೂ ಜೋಡಿಸದೆ ಇರಬೇಕು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಂಸ್ಥೆಯೊಂದರ ಮೇಲೆ ನಡೆದ ಸುಲಿಗೆ ತಂತ್ರಾಂಶದ ದಾಳಿಯಿಂದ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತದ್ದು, ಹಲವು ಸಂಸ್ಥೆಗಳು ಒಂದೇ ವ್ಯವಸ್ಥೆಯನ್ನು ನೆಚ್ಚಿದಾಗಿನ ಅಪಾಯವನ್ನು ತೋರಿಸಿದೆ.

ಉಳಿದ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಅದು ಬದಲಾಗಿಲ್ಲವೆಂದು ಸಿದ್ಧವಾಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ, ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಒಟ್ಟು ಒಳಪಠ್ಯದಿಂದ ಗಣಿತಕ್ರಮದಲ್ಲಿ ಪಡೆದ ಒಂದು ಉದ್ದನೆಯ ಸಂಖ್ಯೆ. ಒಂದು ಅಂಕೆ ತಿದ್ದಿದರೂ ಅದು ಪೂರ್ತಿ ಬದಲಾಗುತ್ತದೆ. ಹಂಗಾಮು ಮುಗಿದ ದಿನವೇ ತೂಕದ ದತ್ತಾಂಶದ ಹ್ಯಾಶ್ ತೆಗೆದು ಕಾರ್ಖಾನೆಯ ಸೂಚನಾ ಫಲಕದಲ್ಲಿಯೂ ರೈತ ಸಂಘದ ಪುಸ್ತಕದಲ್ಲಿಯೂ ಬರೆಸಿಟ್ಟರೆ, ಹತ್ತು ವರ್ಷದ ನಂತರ ಎರಡೂ ಪಕ್ಷಗಳು ಒಂದೇ ದಾಖಲೆಯನ್ನು ನಂಬಬಹುದು. ಇದಕ್ಕೆ ತಗಲುವ ಖರ್ಚು ಶೂನ್ಯಕ್ಕೆ ಸಮೀಪ. ಬೇಕಾಗಿರುವುದು ಮನಸ್ಸು ಮಾತ್ರ.

ಎಲ್ಲವನ್ನೂ ಎಂದೆಂದಿಗೂ ಇಡಬೇಕೆಂದು ಇದರ ಅರ್ಥವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ ಕಾನೂನಿನ ಅಗತ್ಯವಿಲ್ಲದ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆನ್ನುತ್ತದೆ; ಠೇವಣಿದಾರರ ಆಧಾರ್ ನಕಲುಗಳನ್ನು ರಾಶಿಹಾಕುವುದು ಸಂರಕ್ಷಣೆಯಲ್ಲ. ಮುಂಬಯಿ ಪ್ರಾಂತದ ಕಂದಾಯ ಕಚೇರಿಗಳಿಂದ ಬಂದ ಹಳೆಯ ಪದ್ಧತಿಯೊಂದು ಇಲ್ಲಿ ಮಾದರಿಯಾಗಬಲ್ಲದು. ಆ ಪದ್ಧತಿಯಲ್ಲಿ ಪ್ರತಿ ಕಡತಕ್ಕೂ ಅದನ್ನು ಮುಗಿಸುವಾಗಲೇ ಒಂದು ವರ್ಗಾಕ್ಷರ ಬೀಳುತ್ತಿತ್ತು: ಒಂದು ವರ್ಗ ಕಾಯಂ, ಇನ್ನೊಂದು ಮೂವತ್ತು ವರ್ಷ, ಮತ್ತೊಂದು ಹತ್ತು ವರ್ಷ, ಉಳಿದದ್ದು ಅದಕ್ಕಿಂತ ಕಡಿಮೆ. ಸಂಬಳ ಮತ್ತು ಸೇವೆಯ ದಾಖಲೆ, ಷೇರುದಾರರ ಯಾದಿ, ವಿನ್ಯಾಸಗಳು ಮೊದಲ ಎರಡು ವರ್ಗಗಳಿಗೆ. ತೂಕ ಮತ್ತು ಪಾವತಿ ಹತ್ತು ವರ್ಷಕ್ಕಿಂತ ಕಡಿಮೆಯಿಲ್ಲದ ವರ್ಗಕ್ಕೆ. ಕ್ಯಾಮೆರಾ ಚಿತ್ರ ಮತ್ತು ಗುರುತಿನ ಚೀಟಿಗಳ ನಕಲು ಕಡಿಮೆ ಅವಧಿಯ ವರ್ಗಕ್ಕೆ ಎಂದು ಆಡಳಿತ ಮಂಡಳಿ ಠರಾವು ಮಾಡಿದರೆ ಅರ್ಧ ಸಮಸ್ಯೆ ಕರಗುತ್ತದೆ.

ಉಳಿದರ್ಧ ಹಣದ್ದು ಮತ್ತು ಹೊಣೆಯದು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ₹2,516 ಕೋಟಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿ, ನಬಾರ್ಡ್ ಮೂಲಕ ಏಕರೂಪದ ತಂತ್ರಾಂಶ ಜಾರಿಗೊಳಿಸುತ್ತಿರುವುದು ಮುಂದಿನ ಲೆಕ್ಕಗಳಿಗೆ ಒಳ್ಳೆಯ ಬುನಾದಿ. ಅದರಾಚೆಯ ಸೌಹಾರ್ದ ಸಂಘ, ನೇಕಾರ ಸಂಘ, ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಗಳಿಗೆ ಅಂಥ ಆಸರೆಯಿಲ್ಲ. ಒಂದೊಂದೇ ಸಂಸ್ಥೆಗೆ ಎಟುಕದ ಟೇಪ್ ಯಂತ್ರ, ತಂಪಿನ ಕೋಣೆ ಮತ್ತು ಒಬ್ಬ ತರಬೇತಾದ ಅಭಿಲೇಖಪಾಲಕನ ಸಂಬಳವನ್ನು ಇಪ್ಪತ್ತು ಸಂಸ್ಥೆಗಳು ಕೂಡಿ ಭರಿಸಬಹುದು. ಬಂಡವಾಳ ಕೂಡಿಸಿ ಸಹಕಾರಿ ಸಂಘ ಕಟ್ಟುವ ಕಲೆ ಈ ಸೀಮೆಗೆ ಹೊಸದಲ್ಲ. ಕೀಲಿಗಳನ್ನು ಸಂಸ್ಥೆಗಳೇ ಇಟ್ಟುಕೊಂಡು ಗೂಢಲಿಪಿಯಲ್ಲಿ ಕಡತ ಒಪ್ಪಿಸಿದರೆ ವ್ಯಾಪಾರದ ಗುಟ್ಟೂ ಹೊರಬೀಳದು. ವರ್ಷಕ್ಕೊಮ್ಮೆ, ಬಲಿಪಾಡ್ಯಮಿಯ ಲೆಕ್ಕದ ಪುಸ್ತಕದ ಪೂಜೆಗೆ ಮುಂಚೆ, ಹಳೆಯ ಪ್ರತಿಯಿಂದ ನಾಲ್ಕಾರು ಕಡತಗಳನ್ನು ನಿಜವಾಗಿ ತೆರೆದು ನೋಡುವ ಪರಿಪಾಠ ಬೆಳೆಯಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸುವಂತಿಲ್ಲ.

ಸಂಸ್ಥೆಯೇ ಮುಚ್ಚಿದಾಗ ಅಥವಾ ಕೈಬದಲಾದಾಗ ಏನಾಗಬೇಕೆಂಬ ವಿಷಯದಲ್ಲಿ ಇಂದಿನ ವ್ಯವಸ್ಥೆ ಅತ್ಯಂತ ದುರ್ಬಲವಾಗಿದೆ. ದಿವಾಳಿ ಸಂಹಿತೆಯಡಿಯ ನಿಯಮಗಳು ಪರಿಹಾರ ಪ್ರಕ್ರಿಯೆಯ ದಾಖಲೆಗಳ ವಿದ್ಯುನ್ಮಾನ ಪ್ರತಿಯನ್ನು ಕನಿಷ್ಠ ಎಂಟು ವರ್ಷ, ಕಾಗದದ ಪ್ರತಿಯನ್ನು ಮೂರು ವರ್ಷ ಇಡಬೇಕೆನ್ನುತ್ತವೆ. ಕಾರ್ಮಿಕನ ಪಿಂಚಣಿಯ ಪ್ರಶ್ನೆ ಅದಕ್ಕಿಂತ ಬಹಳ ಮುಂದೆ ಏಳುತ್ತದೆ. ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನು ದೀರ್ಘ ಗುತ್ತಿಗೆಗೆ ಕೊಡುವ ಕರಾರುಗಳಲ್ಲಿ ಯಂತ್ರ, ಜಮೀನು, ಬಾಯಿಲರ್‌ಗಳ ಯಾದಿ ಪುಟಗಟ್ಟಲೆ ಇರುತ್ತದೆ. ಅದೇ ಕರಾರಿನಲ್ಲಿ ಸಂಬಳದ ಪಟ್ಟಿ, ಷೇರುದಾರರ ಯಾದಿ ಮತ್ತು ಕಬ್ಬಿನ ಲೆಕ್ಕಗಳನ್ನು ಹ್ಯಾಶ್ ಸಹಿತ ಪಂಚನಾಮೆ ಮಾಡಿ, ಒಂದು ಪ್ರತಿಯನ್ನು ಗುತ್ತಿಗೆದಾರನಿಗೂ ಒಂದನ್ನು ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೂ ಒಪ್ಪಿಸಬೇಕೆಂಬ ಕಲಮನ್ನು ಸೇರಿಸಲು ಯಾವ ಹೊಸ ಶಾಸನವೂ ಬೇಕಿಲ್ಲ. ಮುಂದಿನ ಕರಾರಿಗೆ ಸಹಿ ಬೀಳುವ ಮುನ್ನ ಸರ್ವಸಾಧಾರಣ ಸಭೆಯಲ್ಲಿ ಒಬ್ಬ ಸದಸ್ಯ ಸೂಚಿಸಿ ಇನ್ನೊಬ್ಬ ಅನುಮೋದಿಸಿದರೆ ಸಾಕು.